ಖಂಡೇನವಮಿಗೆ ತೊಳೆದ ಮೋಟಾರು

ಶಿವಗಂಗಾ ಮೊದಲ ಸಲ ಜಗಳ ತೆಗೆದದ್ದು ಅವನ ಮುಖದ ಜೊತೆಗಲ್ಲ, ಎರಡು ಕಾಲುಗಳ ಜೊತೆ.

ಆ ಕಾಲುಗಳು ಮೋಟಾರಿನ ಅಡಿಯಿಂದ ಹೊರಗೆ ಚಾಚಿಕೊಂಡಿದ್ದವು. ಉಳಿದ ಮೈಯೆಲ್ಲ ಒಳಗೆ. ಆಕೆ ಬೆಳಗ್ಗೆಯಷ್ಟೇ ಸಗಣಿ ಸಾರಿಸಿ ರಂಗೋಲಿ ಬರೆದಿದ್ದ ಅಂಗಳದಲ್ಲಿ ಅಂಗೈಯಗಲ ಕರಿ ಎಣ್ಣೆ ಹರಡಿತ್ತು.

"ಯಾರಪ್ಪಾ ನೀ? ಕಣ್ಣು ಎಲ್ಲಿ ಇಟ್ಟಿದ್ದಿ? ಸಾರಿಸಿ ಇನ್ನ ಅರ್ಧ ತಾಸು ಆಗಿಲ್ಲ."

ಕಾಲುಗಳು ಸ್ವಲ್ಪ ಅಲುಗಿದವು. ಒಳಗಿನಿಂದ ದನಿ ಬಂತು.

"ಕಣ್ಣು ಇಂಜಿನ್ನಿನಾಗ ಇಟ್ಟೀನ್ರಿ. ನೆಲದ ಮ್ಯಾಲ ಇಟ್ಟಿದ್ರ ನಿಮ್ಮ ರಂಗೋಲಿ ಕಾಣ್ತಿತ್ತು."

ಉತ್ತರ ಕೊಟ್ಟವನು ತೆವಳಿಕೊಂಡು ಹೊರಬಂದ. ಮುಖ, ಕತ್ತು, ಮೊಣಕೈವರೆಗೂ ಮಸಿ. ಕಣ್ಣು ಮತ್ತು ಹಲ್ಲು ಮಾತ್ರ ಬೆಳ್ಳಗೆ. ಎದುರಿಗೆ ನಿಂತವಳು ಮನೆಯ ಮಗಳೆಂದು ಗೊತ್ತಾದ ಕೂಡಲೇ ಗಾಬರಿಯಿಂದ ಕೈ ಮುಗಿದ. ಮುಗಿದ ಕೈಯಿಂದಲೂ ಎಣ್ಣೆ ತೊಟ್ಟಿಕ್ಕಿತು, ಅದೂ ರಂಗೋಲಿಯ ಮೇಲೆಯೇ.

ಶಿವಗಂಗಾಳಿಗೆ ಸಿಟ್ಟು ಬರಬೇಕಿತ್ತು. ನಗು ಬಂತು. ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೆ ಓಡಿಬಿಟ್ಟಳು.

'ಎಷ್ಟು ವರ್ಷ ಆಯ್ತು ನಾನು ಹೀಗೆ ನಕ್ಕು...?'

ಏಳು ವರ್ಷ ಆಗಿತ್ತು. ಹದಿಮೂರಕ್ಕೆ ಮದುವೆ, ಹದಿನೈದಕ್ಕೆ ಗಂಡ ಜ್ವರದಲ್ಲಿ ಹೋದ. ಅಂದಿನಿಂದ ದೇವಣಿಯ ತವರುಮನೆಯೇ ಆಕೆಯ ಲೋಕ. ಗಂಡ ಸತ್ತ ಹೆಣ್ಣಿಗೆ 'ಉಡಿಕೆ' ಮಾಡಿ ಮತ್ತೊಮ್ಮೆ ಸಂಸಾರ ಕಟ್ಟಿಕೊಡುವ ರೂಢಿ ಅವರ ಮಂದಿಯಲ್ಲಿ ಉಂಟು. ಎರಡು ಕಡೆಯಿಂದ ಕೇಳಿಯೂ ಬಂದಿದ್ದರು. ಒಬ್ಬನಿಗೆ ಮೊಮ್ಮಕ್ಕಳಿದ್ದರು, ಇನ್ನೊಬ್ಬನಿಗೆ ಹಲ್ಲಿರಲಿಲ್ಲ. "ಒಲ್ಲೆ" ಎಂದು ಆಕೆ ಅಡಿಗೆಮನೆ ಹೊಕ್ಕವಳು ಅಲ್ಲೇ ಉಳಿದಳು. ಮನೆಯ ತಾಮ್ರ, ಹಿತ್ತಾಳೆ, ಕಬ್ಬಿಣ ಎಲ್ಲವೂ ಆಕೆಯ ಕೈಯಲ್ಲಿ ಬೆಳಗುತ್ತಿದ್ದವು. ಬೂದಿ, ಹುಣಸೆಹಣ್ಣು, ಅಂಟವಾಳದ ನೀರು ಇದ್ದರೆ ಯಾವ ಜಿಡ್ಡೂ ಆಕೆಯ ಮುಂದೆ ನಿಲ್ಲುತ್ತಿರಲಿಲ್ಲ.

ತಂದೆ ಮನ್ಮಥಪ್ಪನಿಗೆ ಎತ್ತಿನ ಹುಚ್ಚು. ನಿಜಾಮರ ಸೀಮೆಯ ಆ ಮೂಲೆಯಲ್ಲಿ ಆತನ ಎತ್ತುಗಳನ್ನು ನೋಡಲೆಂದೇ ಜನ ಬರುತ್ತಿದ್ದರು. ಆ ವರ್ಷ ಯಾರು ಕಿವಿ ಊದಿದರೋ, ಸೊಲ್ಲಾಪುರಕ್ಕೆ ಹೋಗಿ ಹಳೆಯದೊಂದು ಮೋಟಾರು ತಂದು ದನದ ಕೊಟ್ಟಿಗೆಯ ಪಕ್ಕ ಕಟ್ಟಿದ. ಹೌದು, ಮೊದಲ ದಿನ ನಿಜವಾಗಿಯೂ ಹಗ್ಗದಿಂದ ಕಟ್ಟಿದ್ದ! ಮೋಟಾರಿನ ಜೊತೆಗೆ ಬಂದವನೇ ವೀರಭದ್ರ. ಉಮರ್ಗಾದ ಒಕ್ಕಲು ಮನೆತನದ ಎರಡನೆಯ ಮಗ, ಅವರದೇ ಮಂದಿ. ಹೊಲ ಅಣ್ಣನಿಗೆ ಬಿಟ್ಟು ಸೊಲ್ಲಾಪುರದಲ್ಲಿ ಮೋಟಾರಿನ ಕೆಲಸ ಕಲಿತಿದ್ದ.

ಮಾತು ಹೇಗೆ ಬೆಳೆಯಿತೋ ಇಬ್ಬರಿಗೂ ತಿಳಿಯಲಿಲ್ಲ. ಆಕೆ ಸಗಣಿ ಬಾಚಲು ಕೊಟ್ಟಿಗೆಗೆ ಬಂದಾಗ ಅವನು ಮೋಟಾರಿನ ಮುಂದಿನ ಮುಚ್ಚಳ ಎತ್ತಿಕೊಂಡು ನಿಂತಿರುತ್ತಿದ್ದ. ನಡುವೆ ಎದೆಮಟ್ಟದ ಗೋಡೆ.

"ಆ ಮರದ ಪೆಟ್ಟಿಗಿ ಏನ್ರಿ ಅದು?" ಒಂದು ದಿನ ಆಕೆ ಕೇಳಿದಳು.

"ಇದರಾಗ ಕಿಡಿ ಹುಟ್ತದ್ರಿ ಬಾಯಿಯವ್ರ. ಇದು ಇಲ್ಲಂದ್ರ ಗಾಡಿ ಬರೇ ಕಬ್ಬಿಣ."

"ಎಲ್ಲಾ ಇಷ್ಟು ಹೊಲಸು ಯಾಕ ಅದ ಮತ್ತ?"

"ಎಣ್ಣಿ ಸೋರ್ತದ, ಧೂಳ ಕೂಡ್ತದ. ಒಂದು ದಿನ ಪುರಸೊತ್ತು ಸಿಗ್ಲಿ, ಎಲ್ಲಾ ಸ್ವಚ್ಛ ಮಾಡ್ತೀನಿ. ನೀವು ಮಾತ್ರ ಕೈ ಹಚ್ಚಬ್ಯಾಡ್ರಿ, ಕೈ ಕರ್ರಗ ಆಗ್ತಾವ."

ಆಕೆಯ ಕೈ ಕಪ್ಪಾದೀತೆಂದು ಚಿಂತೆ ಮಾಡಿದ ಮನುಷ್ಯ ಲೋಕದಲ್ಲಿ ಅವನೊಬ್ಬನೇ. ಅಂದು ಶಿವಗಂಗಾ ಒಲೆಯ ಮುಂದೆ ಕೂತು ತನ್ನ ಕೈಗಳನ್ನು ಬಹಳ ಹೊತ್ತು ನೋಡಿದಳು. ರೊಟ್ಟಿ ಸೀದುಹೋಯಿತು.

ಹೀಗೇ ಖಂಡೇನವಮಿ ಬಂತು.

ಆ ದಿನ ಮನೆಯ ಕುಡುಗೋಲಿನಿಂದ ಹಿಡಿದು ನೇಗಿಲಿನವರೆಗೆ ಎಲ್ಲ ಸಾಮಾನನ್ನೂ ತೊಳೆದು, ವಿಭೂತಿ ಹಚ್ಚಿ, ಪೂಜೆ ಮಾಡುವುದು ಪದ್ಧತಿ. ಈ ವಿಷಯದಲ್ಲಿ ಮನ್ಮಥಪ್ಪ ಬಹಳ ಕಟ್ಟುನಿಟ್ಟು. ಕೊಳಕು ಸಾಮಾನಿಗೆ ಆತ ವಿಭೂತಿ ಮುಟ್ಟಿಸುತ್ತಿರಲಿಲ್ಲ. ಹಿಂದಿನ ದಿನ ಮೋಟಾರಿನ ಮುಚ್ಚಳ ಎತ್ತಿ ನೋಡಿದವನೇ ಸಿಡಿಮಿಡಿಗೊಂಡ.

"ಈ ಜಿಡ್ಡಿನ ಮ್ಯಾಲ ಈಬತ್ತಿ ಹ್ಯಾಂಗ ನಿಲ್ಲಬೇಕು? ಪಗಾರ ತಗೊಳ್ಳಾಂವ ಏನು ಮಾಡ್ತಾನ? ನಾಳಿ ಬರ್ಲಿ, ಮಂದಿ ಮುಂದನೇ ಕೇಳ್ತೀನಿ."

ವೀರಭದ್ರ ತಾಯಿಯನ್ನು ನೋಡಿ ಬರಲು ಉಮರ್ಗಾಕ್ಕೆ ಹೋಗಿದ್ದ. ಮರುದಿನ ಮಧ್ಯಾಹ್ನ ಪೂಜೆಯ ಹೊತ್ತಿಗೆ ಬರುತ್ತೇನೆಂದಿದ್ದ.

'ಹಬ್ಬದ ದಿನ, ಎಲ್ಲರ ಎದುರಿಗೆ ಅವನು ಬೈಸಿಕೊಳ್ಳಬೇಕಾ...?'

ನವಮಿಯ ಬೆಳಗ್ಗೆ ಗಂಡಸರೆಲ್ಲ ಎತ್ತುಗಳನ್ನು ಹಳ್ಳಕ್ಕೆ ಹೊಡೆದುಕೊಂಡು ಹೋದರು. ತಾಯಿ ರಂಭಾಬಾಯಿ ಹೋಳಿಗೆಯ ಹೂರಣ ರುಬ್ಬುತ್ತಿದ್ದಳು. ಶಿವಗಂಗಾ ಮೂರು ಕೊಡ ಬಿಸಿನೀರು, ಒಂದು ಬುಟ್ಟಿ ಬೂದಿ, ನೆನೆಸಿದ ಅಂಟವಾಳ, ತೆಂಗಿನ ನಾರು ತೆಗೆದುಕೊಂಡು ಕೊಟ್ಟಿಗೆಗೆ ಹೋದಳು.

ಧೂಳು, ಎಣ್ಣೆ ಸೇರಿ ಬೆರಳು ದಪ್ಪ ಗಟ್ಟಿಯಾಗಿತ್ತು. ಮೊದಲು ತೆಂಗಿನ ಚಿಪ್ಪಿನಿಂದ ಕೆರೆದಳು. ಆಮೇಲೆ ಬೂದಿ ಹಾಕಿ ತಿಕ್ಕಿದಳು. ಸಂದಿಗೊಂದಿಗಳಲ್ಲಿ ಬೆರಳು ತೂರಿಸಿದಳು. ಅಂಟವಾಳದ ನೊರೆ ಕಪ್ಪಾಗಿ ಇಳಿದಂತೆಲ್ಲ ಒಳಗಿನ ಕಬ್ಬಿಣ ಮುಖ ತೋರಿಸಿತು. ಕಿಡಿ ಹುಟ್ಟುವ ಪೆಟ್ಟಿಗೆಯ ಮೇಲೆ ಆಕೆಗೆ ವಿಶೇಷ ಪ್ರೀತಿ. ಅದು ಸ್ವಚ್ಛವಾದರೆ ಕಿಡಿಯೂ ಚೆನ್ನಾಗಿ ಹುಟ್ಟೀತೆಂದು ಅದರ ಮುಚ್ಚಳ ತೆಗೆದು ಒಳಗೂ ತಿಕ್ಕಿ, ಒಂದಿಡೀ ಕೊಡ ನೀರು ಸುರಿದು, ಮತ್ತೆ ಭದ್ರವಾಗಿ ಮುಚ್ಚಿದಳು.

ಪಾತ್ರೆ ತೊಳೆದ ಹಾಗೆಯೇ ತೊಳೆದಳು. ಆಕೆಗೆ ಗೊತ್ತಿದ್ದದ್ದು ಅದೊಂದೇ.

ಮಧ್ಯಾಹ್ನ ವೀರಭದ್ರ ಬಂದಾಗ ಮನ್ಮಥಪ್ಪ ಮೋಟಾರಿನ ಮುಂದೆ ನಿಂತು ನಗುತ್ತಿದ್ದ. "ಶಾಬಾಸ್ ವೀರಭದ್ರ! ನಾವು ಹಳ್ಳಕ್ಕ ಹೋದಾಗ ಬಂದು ತೊಳದಿಟ್ಟಿದ್ದಿ ಏನು? ನೀ ಬಂದದ್ದು ನಾ ನೋಡೇ ಇಲ್ಲ. ಗಾಡಿ ಅಂದ್ರ ಹಿಂಗಿರಬೇಕು."

ವೀರಭದ್ರ ಮುಚ್ಚಳದೊಳಗೆ ಬಗ್ಗಿ ನೋಡಿದ. ಬೆರಳಿನಿಂದ ಮರದ ಪೆಟ್ಟಿಗೆ ಮುಟ್ಟಿದ. ಆ ಬೆರಳನ್ನು ಮೂಗಿನ ಹತ್ತಿರ ಹಿಡಿದ. ಆಮೇಲೆ ತಲೆ ಎತ್ತಿ, ಹೆಂಗಸರ ನಡುವೆ ನಿಂತಿದ್ದ ಶಿವಗಂಗಾಳನ್ನು ನೋಡಿದ. ಏನೋ ಹೇಳಲು ಬಾಯಿ ತೆರೆದವನು ಮುಚ್ಚಳ ಇಳಿಸಿಬಿಟ್ಟ.

ಆಕೆ ಅದನ್ನು ಮೆಚ್ಚುಗೆ ಎಂದುಕೊಂಡಳು. ಪಾಪ, ನಾಚಿಕೆಯಿಂದ ತಲೆ ತಗ್ಗಿಸಿದಳು.

ಆರತಿ ಮುಗಿಯುವುದರೊಳಗೆ ಬಸುರಿ ಅತ್ತಿಗೆ ಲಲಿತಾಬಾಯಿಗೆ ಹೆರಿಗೆ ನೋವು ಶುರುವಾಯಿತು. ದಿನ ತುಂಬಲು ಇನ್ನೂ ಮೂರು ವಾರ ಇತ್ತು. ಸೂಲಗಿತ್ತಿ ಕೈಯಿಟ್ಟು ನೋಡಿ, "ಕೂಸು ಉಲ್ಟಾ ಅದ. ನನ್ನ ಕೈಲೆ ಆಗಂಗಿಲ್ಲ, ಉದ್ಗೀರದ ದವಾಖಾನಿಗಿ ಒಯ್ರಿ" ಎಂದಳು.

"ಗಾಡಿ ತಗಿ!" ಎಂದ ಅಣ್ಣ ದಿಗಂಬರ.

ವೀರಭದ್ರ ನಿಂತಲ್ಲೇ ನಿಂತ. "ಬಂಡಿ ಕಟ್ಟಿದ್ರ..."

"ಮನ್ಯಾಗ ಮೋಟಾರು ಇಟ್ಕೊಂಡು ಬಂಡಿ ಯಾಕ?"

ಅವನ ಕಣ್ಣು ಮತ್ತೊಮ್ಮೆ ಶಿವಗಂಗಾಳ ಕಡೆ ಹೋಯಿತು. ಆಮೇಲೆ ಹ್ಯಾಂಡಲ್ ತಿರುಗಿಸಿದ. ಮೋಟಾರು ಕೆಮ್ಮಿತು, ಗುರುಗುಟ್ಟಿತು, ಹೊರಟಿತು. ಲಲಿತಾ, ರಂಭಾಬಾಯಿ, ಶಿವಗಂಗಾ ಹಿಂದೆ. ದಿಗಂಬರ ಮುಂದೆ.

ಆರು ಮೈಲಿ ಹೋದ ಮೇಲೆ ಅದು ಕುಂಟತೊಡಗಿತು. ಏರಿನ ನಡುವೆ ಒಮ್ಮೆ ಜರ್ಕು ಹೊಡೆದು ನಿಂತೇಬಿಟ್ಟಿತು.

ಎರಡೂ ಕಡೆ ತೊಗರಿ ಹೊಲ, ಹತ್ತಿರದಲ್ಲಿ ಒಂದು ಮನೆಯೂ ಇಲ್ಲ. ವೀರಭದ್ರ ಇಳಿದು ಮುಚ್ಚಳ ಎತ್ತಿದ. ಶಿವಗಂಗಾಳೂ ಇಳಿದು ಅವನ ಹಿಂದೆ ನಿಂತಳು. ಅವನು ಮರದ ಪೆಟ್ಟಿಗೆ ತೆರೆದು ಓರೆ ಮಾಡಿದ. ತಳದಲ್ಲಿ ನಿಂತಿದ್ದ ನೀರು ಸುರಿಯಿತು. ಅದರ ಹಿಂದೆಯೇ ಸ್ವಲ್ಪ ನೊರೆ.

ಅಂಟವಾಳದ ನೊರೆ.

ಆಕೆ ಒಂದು ಹೆಜ್ಜೆ ಹಿಂದೆ ಸರಿದಳು. 'ನಾನು... ನಾನೇ...!'

"ಏನಾಯ್ತೋ?" ದಿಗಂಬರ ಓಡಿ ಬಂದ.

ವೀರಭದ್ರ ಪೆಟ್ಟಿಗೆಯನ್ನು ಪಂಚೆಯ ಅಂಚಿನಲ್ಲಿ ಮುಚ್ಚಿಕೊಂಡ. "ನನ್ನ ಗಲತಿ ಅದ್ರಿ. ಬರೋಬ್ಬರಿ ನೋಡಿ ತಗೀಬೇಕಿತ್ತು."

ದಿಗಂಬರ ಅವನ ಕೆನ್ನೆಗೆ ಹೊಡೆದ. ಮೋಟಾರಿನೊಳಗಿಂದ ಲಲಿತಾ ಕೂಗುತ್ತಿದ್ದಳು. ಶಿವಗಂಗಾ ಬಾಯಿ ತೆರೆದಳು. ಹೇಳಬೇಕಾದದ್ದು ಒಂದೇ ಮಾತು, 'ಅವನಲ್ಲ, ನಾನು.' ಅಷ್ಟೂ ಆಗಲಿಲ್ಲ.

ತೊಗರಿ ಸಾಲಿನ ಮರೆಯಲ್ಲಿ ಸೀರೆ ಕಟ್ಟಿ ರಂಭಾಬಾಯಿ ಹೆರಿಗೆ ಮಾಡಿಸಿದಳು. ಹೆಣ್ಣು ಕೂಸು ಬದುಕಿತು. ತಾಯಿಯ ರಕ್ತ ನಿಲ್ಲಲಿಲ್ಲ. ವೀರಭದ್ರ ಓಡಿಹೋಗಿ ಮುಂದಿನ ಹಳ್ಳಿಯಿಂದ ಬಂಡಿ ತಂದ. ಉದ್ಗೀರಿನ ದವಾಖಾನೆಯಲ್ಲಿ ಲಲಿತಾಳ ಜೀವ ಉಳಿಯಿತು, ಆದರೆ ಆಕೆ ಮೂರು ತಿಂಗಳು ಹಾಸಿಗೆ ಬಿಟ್ಟು ಏಳಲಿಲ್ಲ. ಇನ್ನು ಮಕ್ಕಳಾಗುವುದಿಲ್ಲ ಎಂದರು ಡಾಕ್ಟರು.

ವೀರಭದ್ರನನ್ನು ಅದೇ ವಾರ ಕೆಲಸದಿಂದ ತೆಗೆದರು. ಹೋಗುವಾಗ ಅವನು ಅಂಗಳದಲ್ಲಿ ಒಂದು ಗಳಿಗೆ ನಿಂತ. ಶಿವಗಂಗಾ ಬಾಗಿಲ ಹಿಂದೆ ಇದ್ದಳು. ಅವನು ನಿಂತದ್ದು ಯಾಕೆಂದು ಆಕೆಗೆ ಗೊತ್ತಿತ್ತು. ಆದರೂ ಹೊರಗೆ ಬರಲಿಲ್ಲ.

ಆಮೇಲಿನದು ಇನ್ನೂ ಕೆಟ್ಟದ್ದು. ಹಬ್ಬದ ದಿನ ಅವನು ಕುಡಿದು ಬಂದಿದ್ದನಂತೆ ಎಂದು ಯಾರೋ ಅಂದರು. ಕುಡಿದದ್ದನ್ನು ತಾನೇ ಕಂಡೆ ಎಂದು ಇನ್ನೊಬ್ಬ ಅಂದ. ಉದ್ಗೀರಿನಿಂದ ಜಳಕೋಟದವರೆಗೆ ಮೋಟಾರು ಇದ್ದವರ್‍ಯಾರೂ ಅವನನ್ನು ಹತ್ತಿರ ಸೇರಿಸಲಿಲ್ಲ. ನಿಲಂಗಾದ ಅಡತಿ ಅಂಗಡಿಯಲ್ಲಿ ಜೋಳದ ಚೀಲ ಹೊರುತ್ತಿದ್ದಾನೆಂದು ಸುದ್ದಿ ಬಂತು.

ಶಿವಗಂಗಾ ಅತ್ತಿಗೆಯ ಸೇವೆಗೆ ನಿಂತಳು. ಕೂಸಿಗೆ ಎರೆದಳು, ಕಾಡಿಗೆ ಹಚ್ಚಿದಳು, ಅತ್ತಿಗೆಯ ಸೊಂಟಕ್ಕೆ ಎಣ್ಣೆ ತಿಕ್ಕಿದಳು. ಲಲಿತಾ ಆಕೆಯ ಕೈ ಹಿಡಿದು, "ನೀ ಇಲ್ಲಂದ್ರ ನಾ ಸತ್ತೇ ಹೋಗ್ತಿದ್ದೆ ಗಂಗಾ" ಎನ್ನುವಳು.

ಆ ಮಾತು ಕೇಳಿದಾಗಲೆಲ್ಲ ಆಕೆ ಹಿತ್ತಲಿಗೆ ಹೋಗಿ ಅಳುತ್ತಿದ್ದಳು. ನಾಳೆ ಹೇಳುತ್ತೇನೆ ಅಂದುಕೊಳ್ಳುವಳು. ಆ ನಾಳೆ ಐದು ತಿಂಗಳಾದರೂ ಬರಲಿಲ್ಲ. ಗಂಡ ಸತ್ತ ಮಗಳು ಡ್ರೈವರನಿಗಾಗಿ ಮೋಟಾರು ತೊಳೆದಳು ಎಂದರೆ ಊರು ಏನೆಂದೀತು? ಹೆದರಿಕೆ ನಿಜವೇ. ಆದರೆ ಅವಳು ಹೆದರಿದ್ದಕ್ಕೆ ಬೆಲೆ ತೆತ್ತವನು ಅವನು, ಚೀಲ ಹೊರುತ್ತಿರುವವನು.

ಒಂದು ದಿನ ನಿಲಂಗಾದಿಂದ ಬಕ್ಕಪ್ಪ ಎಂಬ ಗುಮಾಸ್ತ ಬಂದ. ಅಲ್ಲಿಯ ವಕೀಲರೊಬ್ಬರು ಮೋಟಾರು ತೆಗೆದುಕೊಂಡಿದ್ದರು.

"ವೀರಭದ್ರ ಅಂತ ಒಬ್ಬಾಂವ ಕೆಲಸ ಕೇಳ್ಯಾನ್ರಿ," ಪಡಸಾಲೆಯಲ್ಲಿ ಕೂತು ಬಕ್ಕಪ್ಪ ಹೇಳಿದ. "ನಿಮ್ಮ ಹಂತ್ಯಾಕ ಇದ್ದನಂತ. ನೀವು ಹೌದಂದ್ರ ಇಟ್ಕೊಳ್ತಾರ. ಇಲ್ಲಂದ್ರ ಇಲ್ಲ."

"ಅಂವಂದು ಕೇಳಬ್ಯಾಡ್ರಿ," ಮನ್ಮಥಪ್ಪನ ದನಿ ಗಡುಸಾಯಿತು. "ನನ್ನ ಸೊಸಿ ಜೀವ ತಗೀತಿದ್ದ. ವಕೀಲರಿಗಿ ಹೇಳ್ರಿ, ಅಂಥಾವನ..."

"ಅಪ್ಪಾ."

ಎಲ್ಲರೂ ತಿರುಗಿ ನೋಡಿದರು. ಪರಪುರುಷರ ಮುಂದೆ ಎಂದೂ ಬಾರದ ಶಿವಗಂಗಾ ಪಡಸಾಲೆಯ ನಡುವೆ ನಿಂತಿದ್ದಳು. ಕೂಸು ಕಂಕುಳಲ್ಲೇ ಇತ್ತು.

"ಅಂವಂದು ಏನೂ ಗಲತಿ ಇಲ್ಲಪ್ಪಾ. ಅವತ್ತು ಮೋಟಾರು ತೊಳದಾಕಿ ನಾ. ಕಿಡಿ ಪೆಟ್ಟಿಗಿಯಾಗ ನೀರ ಸುರದಾಕಿ ನಾ. ನೀವು ಅಂವಗ ಮಂದಿ ಮುಂದ ಬೈತೀರಿ ಅಂತ... ಬೈಬಾರದು ಅಂತ ತೊಳದೆ. ಅಂವಾ ಕುಡದಿರಲಿಲ್ಲ. ನನ್ನ ಹೆಸರು ಹೇಳ್ಲಿಲ್ಲ ಅಷ್ಟೇ."

ದಿಗಂಬರ ಎದ್ದು ಹೊರಗೆ ಹೋದ. ಬಾಗಿಲಲ್ಲಿ ಲಲಿತಾ ನಿಂತಿದ್ದಳು. ಗೋಡೆ ಹಿಡಿದು ನಿಧಾನಕ್ಕೆ ಬಂದು ಶಿವಗಂಗಾಳ ಕಂಕುಳಿಂದ ಕೂಸನ್ನು ತೆಗೆದುಕೊಂಡಳು.

"ವೈನಿ..."

"ಈಗ ಮಾತಾಡಬ್ಯಾಡ ಗಂಗಾ," ಎಂದಳು ಲಲಿತಾ. "ನನಗ ಭಾಳ ಸಿಟ್ಟು ಬಂದದ. ತೊಳದದ್ದಕ್ಕಲ್ಲ. ಐದು ತಿಂಗಳು ನನ್ನ ಮಗ್ಗಲ್ದಾಗ ಕೂತು ಸುಮ್ಮ ಇದ್ದೆಲ್ಲ, ಅದಕ್ಕ. ಸಿಟ್ಟು ಇಳದ ಮ್ಯಾಲ ನಾನೇ ಕರೀತೀನಿ."

ಮನ್ಮಥಪ್ಪ ತಲೆಗೆ ಕೈ ಹೊತ್ತು ಕೂತಿದ್ದ. ಆಮೇಲೆ ಬಕ್ಕಪ್ಪನ ಕಡೆ ನೋಡಿದ. "ವಕೀಲರಿಗಿ ಹೇಳ್ರಿ, ಅಂವನಂಥ ಹುಡುಗ ಸಿಗಂಗಿಲ್ಲ. ಗಲತಿ ನಮ್ಮ ಮನಿದು. ಬರೋ ಸೋಮವಾರ ನಾನೇ ಬಂದು ಅಂವನ ಮುಂದ ಹೇಳ್ತೀನಿ."

ಸೋಮವಾರ ಬಂಡಿ ಕಟ್ಟಿದರು, ದಿಗಂಬರನೂ ಹೊರಟ. ಮಗಳನ್ನು ಕರೆಯಬೇಕೋ ಬೇಡವೋ ಎಂದು ಮನ್ಮಥಪ್ಪ ಯೋಚಿಸುತ್ತಿರುವಾಗಲೇ ಆಕೆ ಹತ್ತಿ ಕೂತಿದ್ದಳು.

ವಕೀಲರ ಮನೆಯ ಅಂಗಳದಲ್ಲಿ ವೀರಭದ್ರ ಹೊಸ ಕೆಲಸಕ್ಕೆ ಸೇರಿ ಮೂರು ದಿನವಾಗಿತ್ತು. ಚೀಲ ಹೊತ್ತು ಹೊತ್ತು ಹೆಗಲು ಕಂದಿತ್ತು, ಮುಖ ಇಳಿದಿತ್ತು. ಮೋಟಾರಿನ ಮುಚ್ಚಳ ಎತ್ತಿ, ಸೀಮೆಎಣ್ಣೆಯಲ್ಲಿ ಅದ್ದಿದ ಕುಂಚದಿಂದ ಜಿಡ್ಡು ತೆಗೆಯುತ್ತಿದ್ದ. ಕಿಡಿ ಪೆಟ್ಟಿಗೆಗೆ ಒಣ ಬಟ್ಟೆ ಸುತ್ತಿಟ್ಟಿದ್ದ.

ದಿಗಂಬರ ಸೀದಾ ಹೋಗಿ ಅವನ ಎರಡೂ ಕೈ ಹಿಡಿದುಕೊಂಡ. ಹಿಡಿದದ್ದನ್ನು ಬಿಡಲಿಲ್ಲ. "ಇರ್ಲಿ ಬಿಡ್ರಿ" ಎಂದು ವೀರಭದ್ರನೇ ಅನ್ನಬೇಕಾಯಿತು. ಮನ್ಮಥಪ್ಪ ವಕೀಲರ ಎದುರಿಗೆ, ಇಬ್ಬರು ಕಕ್ಷಿದಾರರ ಎದುರಿಗೆ ಎಲ್ಲವನ್ನೂ ಹೇಳಿದ. ಆಮೇಲೆ ಗಂಡಸರು ಜಗುಲಿಯ ಮೇಲೆ ಚಹಾಕ್ಕೆ ಕೂತರು.

ಶಿವಗಂಗಾ ಮೋಟಾರಿನ ಈಚೆ ಬದಿಗೆ ಬಂದು ನಿಂತಳು.

"ನಾ ಹೇಳಬೇಕಿತ್ತು," ಎಂದಳು. "ಅವತ್ತೇ. ಅಲ್ಲೇ."

"ಹೌದ್ರಿ," ಅವನು ಕುಂಚ ಕೆಳಗಿಟ್ಟ. "ಒಂದು ತಿಂಗಳು ದಾರಿ ನೋಡಿದೆ. ಇವತ್ತು ಹೇಳ್ತಾರ, ನಾಳಿ ಹೇಳ್ತಾರ ಅಂತ. ಆಮ್ಯಾಲ ಸಿಟ್ಟು ಬಂತು. ಚೀಲ ಎತ್ತೋ ಮುಂದ ಭಾಳ ಬರ್ತಿತ್ತು."

ಆಕೆ ಕಣ್ಣು ಒರೆಸಿಕೊಳ್ಳಲಿಲ್ಲ. ಒರೆಸಿಕೊಳ್ಳುವ ಹಕ್ಕು ತನಗಿಲ್ಲ ಎನಿಸಿತು. "ಈಗ?"

"ಈಗ ನಾ ಒಂದು ಹೇಳಬೇಕು. ಕೇಳಿ ನೀವೇ ಸಿಟ್ಟಿಗೇಳ್ತೀರಿ." ಅವನು ತಲೆ ತಗ್ಗಿಸಿದ. "ಪೆಟ್ಟಿಗಿ ಹಸಿ ಅದ ಅಂತ ನನಗ ಪೂಜಿ ಹೊತ್ತಿಗೇ ಗೊತ್ತಾಗಿತ್ತು. ಅಂಟವಾಳದ ವಾಸನಿ ಬಂದಿತ್ತು. ಗಾಡಿ ಬ್ಯಾಡ, ಬಂಡಿ ಕಟ್ರಿ ಅಂತ ಗಟ್ಟಿಯಾಗಿ ಹೇಳಬಹುದಿತ್ತು. ಯಾಕ ಅಂತ ಕೇಳ್ತಿದ್ರು. ನಿಮ್ಮ ಹೆಸರು ಬರ್ತಿತ್ತು. ಹ್ಯಾಂಗರೆ ಮುಟ್ಟೀತು ಅಂತ ಹೊರಟೆ. ನನ್ನ ಗಲತಿ ಅಂತ ಅವತ್ತು ಹೇಳಿದ್ದು ಸುಳ್ಳಲ್ಲರಿ."

ಹಾಸಿಗೆಯ ಮೇಲಿನ ಲಲಿತಾಳ ಮುಖ ಶಿವಗಂಗಾಳ ಕಣ್ಣಮುಂದೆ ಬಂತು. ಒಂದು ಗಳಿಗೆ ಅವನ ಮೇಲೆ ನಿಜವಾಗಿಯೂ ಸಿಟ್ಟು ಬಂತು. ಆಮೇಲೆ ತಿಳಿಯಿತು, ಐದು ತಿಂಗಳು ತಾನೊಬ್ಬಳೇ ಹೊತ್ತದ್ದನ್ನು ಇವನೂ ಹೊತ್ತಿದ್ದ. ಜೋಳದ ಚೀಲಕ್ಕಿಂತ ಅದು ಭಾರವಿತ್ತು. ಭಾರ ಕಡಿಮೆಯಾಗಲಿಲ್ಲ, ಹೊರುವುದಕ್ಕೆ ಜೊತೆ ಸಿಕ್ಕಿತು.

"ವೈನಿ ಮುಂದ ಹೇಳಬೇಕು ನೀವು," ಎಂದಳು.

"ಹೇಳ್ತೀನಿ. ಇವತ್ತೇ ನಿಮ್ಮ ಬಂಡಿಯಾಗ ಬರ್ತೀನಿ. ಅವರು ಏನಂದ್ರೂ ಕೇಳ್ತೀನಿ."

"ಹೇಳಿ ಆದ ಮ್ಯಾಲ?"

"ತಿರುಗಿ ಇಲ್ಲಿಗೇ. ನೌಕರಿ ಅದಲ್ಲ."

ಜಗುಲಿಯ ಮೇಲೆ ತಂದೆಯ ಮಾತು, ಬಟ್ಟಲಿನ ಸದ್ದು ಕೇಳುತ್ತಿತ್ತು. ಇಷ್ಟು ದಿನ ಆಕೆಯ ಮಾತೆಲ್ಲ ಗಂಟಲಲ್ಲೇ ಸತ್ತಿತ್ತು. ಶಿವಗಂಗಾ ಉಸಿರು ಎಳೆದುಕೊಂಡಳು.

"ತಿರುಗಿ ಬರೋ ಮುಂದ ನನ್ನೂ ಕರ್ಕೊಂಡು ಬರ್ರಿ. ಉಡಿಕಿ ಮಾಡ್ಕೊಂಡು."

ಜಗುಲಿಯ ಮೇಲಿನ ಮಾತು ಥಟ್ಟನೆ ನಿಂತಿತು.

ವೀರಭದ್ರನ ಕಿವಿ ಕೆಂಪಾದವು. "ಜರಾ ಹಳೂಕ ಹೇಳ್ರಿ... ಅಪ್ಪಾವ್ರು ಕೇಳ್ತಾರ."

"ಕೇಳ್ಲಿ," ಎಂದಳು ಶಿವಗಂಗಾ. "ಕೇಳ್ಲಿ ಅಂತನೇ ಗಟ್ಟಿಯಾಗಿ ಹೇಳೀನಿ."